ಕುದುರೆಯ ಮೇಲಿದ್ದವನೇ ರೈಲಿನಲ್ಲಿದ್ದ ಅಜ್ಜ

ಮಗ ಕಜಾಕಸ್ತಾನದ ಅಲ್ಮಾಟಿಗೆ ಎಂಬಿಬಿಎಸ್ ಓದಲು ಹೋಗಿ ಇದು ಮೂರನೇ ವರ್ಷ. ಅಲ್ಲಿಗೂ ಉಡುಪಿ ಹತ್ತಿರದ ನಮ್ಮ ಕಟಪಾಡಿಗೂ ಗಡಿಯಾರದಲ್ಲಿ ಬರೀ ಅರ್ಧ ಗಂಟೆಯ ವ್ಯತ್ಯಾಸ. ಹಾಗಾಗಿ ರಾತ್ರಿ ಊಟ ಮುಗಿಸಿ ಚಾವಡಿಯಲ್ಲಿ ಕೂತರೆ ಅವನಿಗೂ ನನಗೂ ಮಾತಾಡಲು ಹೊತ್ತು ಸರಿಹೊಂದುತ್ತದೆ. ಮೊದಲ ವರ್ಷವೆಲ್ಲ ಚಳಿ, ಕುಚ್ಚಲಕ್ಕಿ ಸಿಗುವುದಿಲ್ಲ, ಮೀನು ಸಪ್ಪೆ, ಇದೇ ದೂರು. ಕಳೆದ ಮಳೆಗಾಲದಲ್ಲಿ ಒಂದು ದಿನ ನಾನೇ ಕೇಳಿದೆ, "ಮಗ, ಆ ಊರಿನವರದ್ದೇ ಆದ ಸಿನಿಮಾ ಉಂಟಾ? ಇದ್ದರೆ ಒಂದು ತೋರಿಸು." ಅವನಿಗೆ ಗೊತ್ತಿರಲಿಲ್ಲ. ಕೋಣೆ ಬಾಡಿಗೆಗೆ ಕೊಟ್ಟ ಅಜ್ಜಿಯನ್ನು ಕೇಳಿ ಹೇಳುತ್ತೇನೆ ಎಂದ. ಅವರನ್ನು ಇವನು 'ಅಪಾ' ಎನ್ನುತ್ತಾನೆ. ಕಜಾಕ್ ಭಾಷೆಯಲ್ಲಿ ಹಿರಿಯ ಹೆಂಗಸರನ್ನು ಕರೆಯುವುದು ಹಾಗೆ. ಅಪಾ ಎರಡು ಹೆಸರು ಬರೆದುಕೊಟ್ಟರು: 'ಅಮಾಂಗೆಲ್ದಿ', 'ಅತಮೆಕೆನ್'. ಹಳೆಯದನ್ನು ಮೊದಲು ನೋಡಲಿ, ಎರಡರಲ್ಲೂ ಇರುವ ಮನುಷ್ಯನ ಮುಖ ಗಮನಿಸಲಿ ಎಂದರಂತೆ.

ಆ ಮುಖ ಯೆಲೆಉಬಾಯ್ ಉಮುರ್ಜಾಕೊವ್ ಎಂಬ ನಟರದ್ದು. ಎರಡು ಚಿತ್ರಗಳ ನಡುವೆ ಹತ್ತಿರ ಹತ್ತಿರ ಇಪ್ಪತ್ತೆಂಟು ವರ್ಷ. ಪ್ರೌಢಶಾಲೆಯಲ್ಲಿ ಇತಿಹಾಸ ಪಾಠ ಮಾಡುವವಳು ನಾನು. ಅಷ್ಟು ವರ್ಷಗಳಲ್ಲಿ ಒಂದು ಜನಾಂಗಕ್ಕೆ ಏನೇನಾಯಿತು ಎಂಬುದನ್ನು ಬೋರ್ಡಿನ ಮೇಲೆ ಇಸವಿ ಬರೆದು ಹೇಳಬಲ್ಲೆ. ಒಬ್ಬ ನಟನ ಕೆನ್ನೆಯ ಗೆರೆಗಳಲ್ಲಿ ಅದನ್ನು ಓದಿದ್ದು ಇದೇ ಮೊದಲು.

'ಅಮಾಂಗೆಲ್ದಿ' 1938ರಲ್ಲಿ ತಯಾರಾಗಿ 1939ರ ಆರಂಭದಲ್ಲಿ ತೆರೆಗೆ ಬಂತು. ಕಜಾಕ್ ಸಿನಿಮಾದ ಇತಿಹಾಸ ಸಾಮಾನ್ಯವಾಗಿ ಇಲ್ಲಿಂದಲೇ ಶುರುವಾಗುತ್ತದೆ. ಮೊದಲ ಮಹಾಯುದ್ಧದ ಮಧ್ಯೆ, 1916ರಲ್ಲಿ, ರಷ್ಯಾದ ಚಕ್ರವರ್ತಿ ಮಧ್ಯ ಏಷ್ಯಾದ ಗಂಡಸರನ್ನು ಯುದ್ಧದ ಹಿಂಬದಿಯ ಕೂಲಿಗೆ ಎಳೆದು ತರಲು ಆಜ್ಞೆ ಹೊರಡಿಸಿದ. ಹುಲ್ಲುಗಾವಲಿನ ಜನ ತಿರುಗಿಬಿದ್ದರು. ತೊರ್ಗಾಯ್ ಕಡೆಯ ದಂಗೆಯ ಮುಂದಾಳು ಅಮಾಂಗೆಲ್ದಿ ಇಮಾನೊವ್. ಮುಂದೆ ಬೋಲ್ಶೆವಿಕರ ಪಕ್ಷ ಸೇರಿ 1919ರಲ್ಲಿ ಕೊಲೆಯಾದವನು. ಉಮುರ್ಜಾಕೊವ್ ಈ ಪಾತ್ರದಲ್ಲಿ ಕುದುರೆಯ ಮೇಲೆ ಕೂತ ಭಂಗಿ ನೋಡಿದರೆ, ಕುದುರೆಯೂ ಮನುಷ್ಯನೂ ಬೇರೆ ಬೇರೆ ಎಂದು ಅನ್ನಿಸುವುದೇ ಇಲ್ಲ.

ಆದರೆ ಚಿತ್ರ ಮಾಡಿದ್ದು ಲೆನಿನ್‌ಗ್ರಾಡಿನ ಲೆನ್‌ಫಿಲ್ಮ್ ಸ್ಟುಡಿಯೋ, ಸಾವಿರಾರು ಕಿಲೋಮೀಟರ್ ದೂರದಲ್ಲಿ. ನಿರ್ದೇಶಕರು ಮೊಯ್ಸೇಯ್ ಲೆವಿನ್. ಅದಕ್ಕೂ ಹಿಂದೆ ಆ ನೆಲದ ಚಿತ್ರ ತೆಗೆದವರೂ ಹೊರಗಿನಿಂದ ಬಂದವರೇ. 1929ರ 'ತುರ್ಕ್‌ಸಿಬ್' ಎಂಬ ಸಾಕ್ಷ್ಯಚಿತ್ರವನ್ನೂ ಮಗ ಕಳಿಸಿದ್ದ. ತುರ್ಕಿಸ್ತಾನದಿಂದ ಸೈಬೀರಿಯಾಕ್ಕೆ ಹಾಕಿದ ರೈಲು ಹಳಿಯ ಕಥೆ, ವಿಕ್ಟರ್ ತೂರಿನ್ ಅವರದ್ದು. ಮಾತಿಲ್ಲದ ಚಿತ್ರ, ಕಣ್ಣು ತೆಗೆಯಲಾಗದಷ್ಟು ಚಂದ. ಅದರಲ್ಲಿ ಕಜಾಕ್ ಸವಾರರು ಹೊಸ ರೈಲು ಎಂಜಿನ್ನಿನ ಜೊತೆ ಪಂದ್ಯ ಕಟ್ಟಿದವರ ಹಾಗೆ ಕುದುರೆ ಓಡಿಸುತ್ತಾರೆ. ಎಂಜಿನ್ ಗೆಲ್ಲಬೇಕು, ಚಿತ್ರ ಇರುವುದೇ ಅದಕ್ಕೆ. ಸೋತ ಸವಾರನ ಮನೆಯಲ್ಲಿ ಆ ರಾತ್ರಿ ಏನು ಮಾತಾಡಿಕೊಂಡರು ಎಂಬುದು ಕ್ಯಾಮೆರಾಕ್ಕೆ ಬೇಕಿರಲಿಲ್ಲ.

ಈ ಎರಡು ಚಿತ್ರಗಳ ನಡುವೆ ನಡೆದದ್ದು ಎರಡರಲ್ಲೂ ಇಲ್ಲ. 1930ರಿಂದ 1933ರೊಳಗೆ ಅಲೆಮಾರಿಗಳನ್ನು ಬಲವಂತವಾಗಿ ಒಂದೆಡೆ ನಿಲ್ಲಿಸಿ, ಕುರಿ ಕುದುರೆಗಳನ್ನು ಕಿತ್ತುಕೊಂಡು ಸಾಮೂಹಿಕ ಬೇಸಾಯಕ್ಕೆ ಇಳಿಸಿದಾಗ ಬಂದ ಬರಗಾಲದಲ್ಲಿ ಸುಮಾರು 15 ಲಕ್ಷ ಜನ ಸತ್ತರು. ಬಹುಪಾಲು ಕಜಾಕರು. 'ಅಮಾಂಗೆಲ್ದಿ' ನೋಡಲು ಬಂದವರ ಪೈಕಿ ಮನೆಯಲ್ಲಿ ಒಬ್ಬರನ್ನಾದರೂ ಕಳೆದುಕೊಳ್ಳದವರು ಎಷ್ಟು ಮಂದಿ ಇದ್ದಾರು? ಇನ್ನೊಂದು ಸಂಗತಿ. ಚಿತ್ರಕಥೆಗೆ ಕೈ ಹಾಕಿದವರು ಮೂವರು: ರಷ್ಯನ್ ಲೇಖಕ ವ್ಸೆವೊಲೊದ್ ಇವಾನೊವ್, ಕಜಾಕ್ ಲೇಖಕರಾದ ಗಬಿತ್ ಮುಸಿರೆಪೊವ್ ಮತ್ತು ಬೆಯಿಂಬೆತ್ ಮಾಯ್ಲಿನ್. ಸ್ಟಾಲಿನ್ ಕಾಲದ ಬಂಧನಗಳಲ್ಲಿ ಮಾಯ್ಲಿನ್ ಸಿಕ್ಕಿಬಿದ್ದರು, 1938ರಲ್ಲಿ ಅವರನ್ನು ಗುಂಡಿಕ್ಕಿ ಕೊಂದರು. ತಾನು ಬರೆದ ಸವಾರ ತೆರೆಯ ಮೇಲೆ ಕುದುರೆ ಓಡಿಸುವುದನ್ನು ನೋಡಲು ಅವರು ಉಳಿಯಲಿಲ್ಲ. ಇದು ಗೊತ್ತಾದ ಮೇಲೆ ನಾನು ಆ ಚಿತ್ರವನ್ನು ಇನ್ನೊಮ್ಮೆ ನೋಡಿದೆ. ಮೊದಲ ಸಲ ನೋಡಿದಾಗಿನ ಉತ್ಸಾಹ ಮರಳಲಿಲ್ಲ.

ಸ್ಟುಡಿಯೋ ಅಲ್ಮಾಟಿಗೆ ಬಂದದ್ದು ಯುದ್ಧದ ದೆಸೆಯಿಂದ. ಊರಿನ ಹೆಸರು ಆಗ ಅಲ್ಮಾ-ಅತಾ. 1941ರಲ್ಲಿ ಜರ್ಮನರು ಮುನ್ನುಗ್ಗಿದಾಗ ಮಾಸ್ಕೋ, ಲೆನಿನ್‌ಗ್ರಾಡಿನ ಸ್ಟುಡಿಯೋಗಳು ಕ್ಯಾಮೆರಾ, ದೀಪ, ಕಲಾವಿದರ ಸಮೇತ ಇಲ್ಲಿಗೆ ವಲಸೆ ಬಂದವು. ಆಗಷ್ಟೇ ಹುಟ್ಟಿದ್ದ ಅಲ್ಮಾ-ಅತಾ ಸ್ಟುಡಿಯೋವನ್ನು ಅವುಗಳೊಂದಿಗೆ ಕೂಡಿಸಿ ಒಂದೇ ಕೇಂದ್ರ ಸ್ಟುಡಿಯೋ ಮಾಡಿದರು. ಐಸೆನ್‌ಸ್ಟೈನ್ 'ಇವಾನ್ ದಿ ಟೆರಿಬಲ್' ಚಿತ್ರೀಕರಿಸಿದ್ದು ಅಲ್ಲೇ. ಹಗಲಿನ ವಿದ್ಯುತ್ತು ಕಾರ್ಖಾನೆಗಳಿಗೆ ಬೇಕಾದ್ದರಿಂದ ಶೂಟಿಂಗ್ ರಾತ್ರಿ ನಡೆಯುತ್ತಿತ್ತು. ಮಾಸ್ಕೋದ ಸಿನಿಮಾ ಶಾಲೆ ವಿಜಿಐಕೆ ಕೂಡ ಯುದ್ಧದ ಮೊದಲ ವರ್ಷಗಳಲ್ಲಿ ಅದೇ ಊರಿನಲ್ಲಿತ್ತು. ಯುದ್ಧ ತಿರುಗಿದಾಗ ಬಂದವರು ವಾಪಸಾದರು, ಕಲಿತ ಕೈಗಳು ಉಳಿದವು. 1945ರಲ್ಲಿ 'ಅಬಾಯ್‌ನ ಹಾಡುಗಳು' ಬಂತು. ಕವಿ ಅಬಾಯ್ ಕುರಿತ ಅದರ ಚಿತ್ರಕಥೆಯಲ್ಲಿ ಕಜಾಕ್ ಲೇಖಕ ಮುಖ್ತಾರ್ ಔಎಜೊವ್ ಇದ್ದರು. ನಿರ್ದೇಶಕರು ಮಾತ್ರ ಆಗಲೂ ರಷ್ಯಾದಿಂದ ಬಂದವರೇ. ಅದರಲ್ಲಿ ಪಾತ್ರ ಮಾಡಿದ ಒಬ್ಬ ರಂಗನಟ ಮುಂದೆ ಕ್ಯಾಮೆರಾದ ಹಿಂದೆ ಹೋಗಿ ನಿಂತ. ಅವರೇ ಶಕೆನ್ ಐಮಾನೊವ್.

ಐಮಾನೊವ್ ಹುಟ್ಟಿದ್ದು 1914ರಲ್ಲಿ, ಬಯಾನೌಲ್ ಕಡೆ. ನಾಟಕದಿಂದ ಸಿನಿಮಾಕ್ಕೆ ಬಂದವರು. ಇದನ್ನು ಓದುವಾಗ ನನಗೆ ನಮ್ಮ ತುಳು ನಾಟಕದ ಕೆ.ಎನ್. ಟೇಲರ್ ನೆನಪಾದರು. ತುಳು ಸಿನಿಮಾ ಶುರುವಾದದ್ದೂ ತುಳು ನಾಟಕದ ಬೆನ್ನ ಮೇಲೆ ತಾನೆ. ಸ್ವಂತ ಭಾಷೆಯ ಮಾತಿಗೆ ಜನ ಎಲ್ಲಿ ನಗುತ್ತಾರೆ, ಎಲ್ಲಿ ಸುಮ್ಮನಾಗುತ್ತಾರೆ ಎಂದು ರಂಗದ ಮೇಲೆ ನಿಂತು ಕಲಿತವರಿಗೆ ಮಾತ್ರ ಗೊತ್ತಿರುತ್ತದೆ. ಐಮಾನೊವ್ ಹಾಸ್ಯ ಮಾಡಿದರು, ಸಂಗೀತಚಿತ್ರ ಮಾಡಿದರು, 1964ರಲ್ಲಿ ಜನಪದದ ಚಾಲಾಕಿ ಅಲ್ದಾರ್ ಕೊಸೆಯ ಕಥೆ ತೆಗೆದು ತಾವೇ ಆ ಪಾತ್ರ ಮಾಡಿದರು. ಸ್ಟುಡಿಯೋಕ್ಕೆ 1960ರಲ್ಲಿ 'ಕಜಾಖ್‌ಫಿಲ್ಮ್' ಎಂಬ ಹೆಸರು ಬಂತು. 1970ರ ಡಿಸೆಂಬರಿನಲ್ಲಿ ಮಾಸ್ಕೋದಲ್ಲಿ ಕಾರು ಬಡಿದು ಐಮಾನೊವ್ ತೀರಿಕೊಂಡರು. ಈಗ ಆ ಸ್ಟುಡಿಯೋ ಅವರ ಹೆಸರು ಹೊತ್ತಿದೆ.

ಆಮೇಲಿನದ್ದನ್ನೆಲ್ಲ ನಾನು ನೋಡಿದ್ದು ಚೂರುಚೂರಾಗಿ, ಮಗನಿಗೆ ಪರೀಕ್ಷೆ ಇಲ್ಲದ ದಿನಗಳಲ್ಲಿ. 'ಕ್ಯಿಜ್ ಝಿಬೆಕ್' ಮಾತ್ರ ಕೂತಲ್ಲಿಂದ ಏಳದೆ ನೋಡಿದೆ. ಸುಲ್ತಾನ್-ಅಹ್ಮೆತ್ ಹೊಜಿಕೊವ್ 1970ರ ಆಸುಪಾಸಿನಲ್ಲಿ ಮಾಡಿದ್ದು. ದೊಂಬ್ರಾ ಹಿಡಿದು ಹಾಡುವವರ ಬಾಯಲ್ಲಿ ಉಳಿದಿದ್ದ, ಝಿಬೆಕ್ ಮತ್ತು ತೊಲೆಗೆನ್ ಎಂಬ ಪ್ರೇಮಿಗಳ ಕಾವ್ಯ ಅದು. ತೊಲೆಗೆನ್‌ನನ್ನು ಎದುರಾಳಿ ಬೆಕೆಜಾನ್ ಕೊಲ್ಲುತ್ತಾನೆ, ಝಿಬೆಕ್ ಉಳಿಯುವುದಿಲ್ಲ. ಅಪಾ ಪ್ರತಿ ಸಲವೂ ಅಳುತ್ತಾರಂತೆ. 1973ರಲ್ಲಿ ವಿಶುಕುಮಾರ್ 'ಕೋಟಿ ಚೆನ್ನಯ' ಮಾಡಿದಾಗ ನನ್ನನ್ನು ಸೊಂಟದಲ್ಲಿಟ್ಟುಕೊಂಡು ಅಮ್ಮ ನೋಡಲು ಹೋಗಿದ್ದರಂತೆ. ನೇಜಿ ನೆಡುವಾಗ ಹಾಡುತ್ತಿದ್ದ ಪಾಡ್ದನದ ವೀರರು ಬಿಳಿ ಪರದೆಯ ಮೇಲೆ ಬಂದಾಗ ಪಕ್ಕದಲ್ಲಿದ್ದ ಮುದುಕಿಯೊಬ್ಬಳು ಎದ್ದು ಕೈಮುಗಿದಳು ಎಂದು ಅಮ್ಮ ಇವತ್ತಿಗೂ ಹೇಳುತ್ತಾರೆ. ಎರಡು ಊರು, ಎರಡು ಭಾಷೆ, ಹೆಚ್ಚುಕಡಿಮೆ ಅದೇ ವರ್ಷಗಳು. ಮೊದಲ ತುಳು ಚಿತ್ರ 'ಎನ್ನ ತಂಗಡಿ' ಬಂದದ್ದು 1971ರಲ್ಲಿ.

ಸೋವಿಯತ್ ಒಕ್ಕೂಟದ ಕೊನೆಗಾಲಕ್ಕೆ ಬಂದ ಹುಡುಗರ ಚಿತ್ರಗಳು ಬೇರೆಯೇ ಜಾತಿಯವು. 1984ರಲ್ಲಿ ರಷ್ಯನ್ ನಿರ್ದೇಶಕ ಸೆರ್ಗೆಯ್ ಸೊಲೊವ್ಯೊವ್ ಮಾಸ್ಕೋದ ಅದೇ ಸಿನಿಮಾ ಶಾಲೆಯಲ್ಲಿ ಕಜಾಕ್ ವಿದ್ಯಾರ್ಥಿಗಳಿಗಾಗಿಯೇ ಒಂದು ತರಗತಿ ತೆರೆದರು. ಅದರಿಂದ ಬಂದ ರಶೀದ್ ನುಗ್ಮಾನೊವ್ 1988ರಲ್ಲಿ 'ಸೂಜಿ' ಮಾಡಿದರು. ನಾಯಕ ರಾಕ್ ಹಾಡುಗಾರ ವಿಕ್ಟರ್ ತ್ಸೊಯ್. ಬತ್ತಿದ ಆರಲ್ ಸಮುದ್ರದ ತಳದಲ್ಲಿ, ನೀರಿಲ್ಲದೆ ನಿಂತ ಹಡಗುಗಳ ನಡುವೆ ಅವನು ನಡೆಯುತ್ತಾನೆ. ಮಲ್ಪೆಯಲ್ಲಿ ಬೋಟುಗಳನ್ನು ನೋಡಿ ಬೆಳೆದವಳು ನಾನು, ಆ ದೃಶ್ಯ ನೋಡಿ ಎದೆ ಹಿಂಡಿದಂತಾಯಿತು. ಗಣಿತ ಓದಿ ಸಿನಿಮಾಕ್ಕೆ ಬಂದ ದರೆಝಾನ್ ಒಮಿರ್ಬಾಯೆವ್ ಅವರ 'ಕೈರಾತ್'ನಲ್ಲಿ ಮತ್ತೆ ರೈಲು. ಹಳ್ಳಿಯಿಂದ ಪಟ್ಟಣಕ್ಕೆ ಹೊರಟ ಹುಡುಗ, ಅವನ ಕಿಟಕಿಗೆ ಹೊರಗಿನಿಂದ ಬೀಳುವ ಒಂದು ಕಲ್ಲು. ಈಗ ರೈಲಿನ ಒಳಗೆ ಕೂತವನೂ ಕಜಾಕ್ ಹುಡುಗನೇ. ಸೆರ್ಗೆಯ್ ದ್ವೊರ್ತ್ಸೆವೊಯ್ ಅವರ 'ತುಲ್ಪಾನ್' 2008ರಲ್ಲಿ ಕಾನ್ ಉತ್ಸವದಲ್ಲಿ ಬಹುಮಾನ ಪಡೆಯಿತು. ಅದರಲ್ಲಿ ಒಂದು ಕುರಿ ನಿಜವಾಗಿಯೂ ಮರಿ ಹಾಕುತ್ತದೆ, ಕ್ಯಾಮೆರಾ ಕದಲುವುದಿಲ್ಲ. ಮಗನಿಗೆ ಅದನ್ನು ಎರಡು ಸಲ ನೋಡು ಎಂದಿದ್ದೇನೆ, ಡಾಕ್ಟರಾಗುವವನು.

ಆದರೂ ನನ್ನ ಮನಸ್ಸು ಹೋಗಿ ನಿಲ್ಲುವುದು 'ಅತಮೆಕೆನ್'ನಲ್ಲಿ. ಅಂದರೆ ಪಿತೃಗಳ ನೆಲ. ಐಮಾನೊವ್ 1966ರಲ್ಲಿ ಮಾಡಿದ್ದು, ಬರೆದವರು ಆಗ ಮೂವತ್ತು ತುಂಬಿದ್ದ ಕವಿ ಒಲ್ಝಾಸ್ ಸುಲೈಮೆನೊವ್. ಕಥೆ ಬಹಳ ಸಣ್ಣದು. ಯುದ್ಧ ಮುಗಿದ ಮರುವರ್ಷ. ಒಬ್ಬ ಮುದುಕ ಮೊಮ್ಮಗನನ್ನು ಕರೆದುಕೊಂಡು ರೈಲು ಹತ್ತುತ್ತಾನೆ. ಲೆನಿನ್‌ಗ್ರಾಡಿನ ಕಡೆ ಯುದ್ಧದಲ್ಲಿ ಸತ್ತ ಮಗನ ಎಲುಬುಗಳನ್ನು ಅಗೆದು ತಂದು ತನ್ನ ಹಿರಿಯರ ಮಣ್ಣಿನಲ್ಲಿ ಹೂಳಬೇಕು. ಆ ಮುದುಕನೇ ಉಮುರ್ಜಾಕೊವ್. ಕುದುರೆಯ ಮೇಲೆ ನೆಟ್ಟಗೆ ಕೂತಿದ್ದ ಅದೇ ಮನುಷ್ಯ ಈಗ ರೈಲಿನ ಬೆಂಚಿನ ಮೇಲೆ. ಹುಲ್ಲುಗಾವಲು ಮುಗಿದು ಕಾಡು ಶುರುವಾಗುತ್ತದೆ, ಡಬ್ಬಿಯಲ್ಲಿ ಮನುಷ್ಯರು ಬದಲಾಗುತ್ತಾರೆ, ಹುಡುಗನ ಕಣ್ಣು ಅಗಲವಾಗುತ್ತ ಹೋಗುತ್ತದೆ. ಕೊನೆಗೆ ತಲುಪಿದರೆ ಅಲ್ಲಿ ಇರುವುದು ಹಲವು ಸೈನಿಕರನ್ನು ಒಟ್ಟಿಗೆ ಮಣ್ಣು ಮಾಡಿದ ಒಂದೇ ಗೋರಿ. ಯಾರ ಎಲುಬು ಯಾರದ್ದು?

ಕಜಾಕರಲ್ಲಿ ಪ್ರತಿಯೊಬ್ಬನೂ ತನ್ನ ಏಳು ತಲೆಯ ಹಿರಿಯರ ಹೆಸರು ಹೇಳಬಲ್ಲವನಾಗಿರಬೇಕು, 'ಝೆತಿ ಅತಾ' ಎನ್ನುತ್ತಾರೆ. ಅಪಾ ಶುಕ್ರವಾರ ಎಣ್ಣೆಯಲ್ಲಿ ಏಳು ಶೆಲ್ಪೆಕ್ ರೊಟ್ಟಿ ಕರಿದು ಸತ್ತವರ ಹೆಸರಿನಲ್ಲಿ ಹಂಚುತ್ತಾರೆ, ಮಗನ ಪಾಲಿಗೂ ಒಂದು ಬರುತ್ತದೆ. ಅಂಥ ಜನಕ್ಕೆ ಎಲುಬು ಎಲ್ಲಿದೆ ಎಂಬುದು ಎಷ್ಟು ದೊಡ್ಡ ಮಾತು ಎಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. 1938ರ ಚಿತ್ರದಲ್ಲಿ ಕಜಾಕ್ ವೀರ ಇದ್ದ, ಕಜಾಕ್ ಕುದುರೆ ಇತ್ತು, ಆದರೂ ಅದು ಲೆನಿನ್‌ಗ್ರಾಡಿನಿಂದ ನೋಡಿದ ಹುಲ್ಲುಗಾವಲು. 'ಅತಮೆಕೆನ್'ನಲ್ಲಿ ಹುಲ್ಲುಗಾವಲಿನ ಮುದುಕನೇ ಹೊರಟು ಲೆನಿನ್‌ಗ್ರಾಡಿನ ಮಣ್ಣನ್ನು ನೋಡುತ್ತಾನೆ. ಕಜಾಕ್ ಸಿನಿಮಾ ಹುಟ್ಟಿದ ವರ್ಷ ಯಾವುದೆಂದು ನನ್ನ ಮಕ್ಕಳು ತರಗತಿಯಲ್ಲಿ ಕೇಳಿದರೆ ನಾನು 1938 ಎಂದೇ ಹೇಳಿಯೇನು. ನನ್ನೊಳಗೆ ಮಾತ್ರ ಅದು 1966.

ನಮ್ಮ ದೊಡ್ಡ ಮಾವ, ಅಮ್ಮನ ಅಣ್ಣ, ಹದಿಮೂರನೇ ವಯಸ್ಸಿಗೆ ಬೊಂಬಾಯಿಗೆ ಹೋದವರು. ಹೋಟೆಲಿನಲ್ಲಿ ಗ್ಲಾಸು ತೊಳೆದು, ಆಮೇಲೆ ಗಲ್ಲಾದವರೆಗೆ ಬಂದರು. ಇಪ್ಪತ್ತೆಂಟಕ್ಕೆ ಜ್ವರದಲ್ಲಿ ತೀರಿಕೊಂಡರು. ನಾನಿನ್ನೂ ಹುಟ್ಟಿರಲಿಲ್ಲ. ಕಾಗದ ಬರುವ ಹೊತ್ತಿಗೆ ಹತ್ತು ದಿನ. ಜೊತೆಯಲ್ಲಿದ್ದ ಹುಡುಗರೇ ಸುಟ್ಟು ಮುಗಿಸಿದ್ದರು, ಬೂದಿ ಏನಾಯಿತು ಎಂದು ಕೇಳಲು ಇಲ್ಲಿಂದ ಹೋಗುವವರಿರಲಿಲ್ಲ. ನಮ್ಮಲ್ಲಿ ಸುಟ್ಟ ಜಾಗದಲ್ಲಿ ಧೂಪೆ ಕಟ್ಟುತ್ತಾರೆ. ಮಾವನಿಗೆ ಅದಿಲ್ಲ. ಆಟಿ ತಿಂಗಳಲ್ಲಿ ಕುಲೆಗಳಿಗೆ, ಅಂದರೆ ಮನೆಯ ಸತ್ತವರಿಗೆ, ಬಡಿಸುವಾಗ ಅಜ್ಜಿ ಅವರ ಎಲೆಯನ್ನು ಉಳಿದವುಗಳಿಂದ ಸ್ವಲ್ಪ ದೂರ, ಬಾಗಿಲಿನ ಹತ್ತಿರ ಹಾಕುತ್ತಿದ್ದರು. ದೂರದಿಂದ ಬರುವವನು, ತಡವಾದೀತು ಎಂದು. ಉಡುಪಿಗೆ ರೈಲು ಬಂದದ್ದು 1993ರಲ್ಲಿ, ಬೊಂಬಾಯಿಯವರೆಗೆ ಹಳಿ ಕೂಡಿದ್ದು 1998ರಲ್ಲಿ. ಅಷ್ಟರಲ್ಲಿ ಅಜ್ಜಿ ಹೋಗಿಯಾಗಿತ್ತು.

'ಅತಮೆಕೆನ್' ನೋಡಿದ ಮರುದಿನ ಬೆಳಿಗ್ಗೆ ಅಮ್ಮನಿಗೆ ಕಥೆ ಹೇಳಿದೆ. ಅಮ್ಮನಿಗೆ ಈಗ ಎಂಬತ್ತನಾಲ್ಕು. ಮೆಟ್ಟುಕತ್ತಿಯ ಮುಂದೆ ಕೂತು ಬಸಳೆ ಹೆಚ್ಚುತ್ತಿದ್ದರು. ಕಜಾಕ್ ಎಂದರೆ ಎಲ್ಲಿ, ಯಾವ ಯುದ್ಧ ಎಂದೇನೂ ಕೇಳಲಿಲ್ಲ. ಎಲ್ಲ ಕೇಳಿಸಿಕೊಂಡು, ತಂದನಾ ಎಂದರು.

ಇಲ್ಲ ಅಮ್ಮ, ಎಲ್ಲರದ್ದೂ ಒಂದೇ ಗೋರಿಯಲ್ಲಿತ್ತು, ಬೇರೆ ಮಾಡಲಿಕ್ಕೆ ಆಗುವ ಹಾಗಿರಲಿಲ್ಲ ಎಂದೆ.

ಸ್ವಲ್ಪ ಹೊತ್ತು ಬಸಳೆಯ ದಂಟು ತುಂಡಾಗುವ ಸದ್ದು ಮಾತ್ರ. ಆಮೇಲೆ ತಲೆ ಎತ್ತದೆ ಅಮ್ಮ ಹೇಳಿದರು, "ಆದರೂ ಆ ಅಜ್ಜ ಹೋಗಿ ನೋಡಿಯಾದರೂ ಬಂದ."