ಒಂದು ಗಂಟೆಯ ವಿಮಾನ, ಆರೂವರೆ ಗಂಟೆಯ ದಾರಿ

ಬೆಂಗಳೂರಿನಿಂದ ಮಂಗಳೂರಿಗೆ ರಸ್ತೆಯಲ್ಲಿ ಸುಮಾರು 350 ಕಿಲೋಮೀಟರ್. ಆಕಾಶದಲ್ಲಿ ನೇರ ಗೆರೆ ಎಳೆದರೆ 300ರ ಆಸುಪಾಸು. ಟಿಕೆಟ್‌ನಲ್ಲಿ ಪ್ರಯಾಣದ ಸಮಯ ಒಂದು ಗಂಟೆ ಎಂದಿರುತ್ತದೆ. ಇದನ್ನು ನೋಡಿಯೇ ತಂಗಿ, "ಒಂದೇ ಗಂಟೆ ಅಲ್ವಾ ಮಾರಾಯ, ಯಾಕೆ ರಾತ್ರಿಯಿಡೀ ಬಸ್ಸಲ್ಲಿ ಸಾಯ್ತಿ?" ಎಂದಳು. ಸರಿ ಅಂತ ಬುಕ್ ಮಾಡಿದೆ.

ನಮ್ಮ ಮನೆ ಬೆಂಗಳೂರಿನ ದಕ್ಷಿಣದ ಬನಶಂಕರಿಯಲ್ಲಿ. ಮಂಗಳೂರು ಇರುವುದು ಪಶ್ಚಿಮಕ್ಕೆ, ಆದರೆ ವಿಮಾನ ಹತ್ತಲು ಮೊದಲು ಉತ್ತರಕ್ಕೆ, ದೇವನಹಳ್ಳಿ ಕಡೆಗೆ ಹೋಗಬೇಕು. ಬೆಳಗ್ಗೆ 6.15ಕ್ಕೆ ವಿಮಾನ ನಿಲ್ದಾಣದ ಬಸ್ಸು ವಾಯುವಜ್ರ ಹತ್ತಿದೆ. ಹೆಬ್ಬಾಳದಲ್ಲಿ ಎಂದಿನ ಟ್ರಾಫಿಕ್ ಪೂಜೆ ಮುಗಿಸಿ ನಿಲ್ದಾಣ ಮುಟ್ಟಿದಾಗ ಎಂಟು. ವಿಮಾನ ಇದ್ದದ್ದು 9.40ಕ್ಕೆ. ಬ್ಯಾಗ್ ಕೊಡುವ ಕೌಂಟರ್ ಒಂದು ಗಂಟೆ ಮೊದಲೇ ಮುಚ್ಚುತ್ತದೆ, ಹಾಗಾಗಿ ತಡವಾಗಿ ಹೊರಡುವ ಧೈರ್ಯ ನನಗಿಲ್ಲ.

ಇನ್ನೊಂದು ತಮಾಷೆ. ಆ ಒಂದು ಗಂಟೆಯೂ ಪೂರ್ತಿ ಹಾರಾಟವಲ್ಲ. ಗೇಟ್ ಬಿಟ್ಟು ಹೊರಟ ಕ್ಷಣದಿಂದ ಅಲ್ಲಿ ಹೋಗಿ ನಿಲ್ಲುವ ತನಕದ ಲೆಕ್ಕ ಅದು. ನಾವು ನೆಲ ಬಿಟ್ಟದ್ದು 10.05ಕ್ಕೆ, ಇಳಿದದ್ದು 10.48ಕ್ಕೆ. ಇಷ್ಟು ಸಣ್ಣ ದಾರಿಯಲ್ಲಿ ವಿಮಾನ ಮೇಲೇರಿ ಸುಧಾರಿಸಿಕೊಳ್ಳುವಷ್ಟರಲ್ಲಿ ಇಳಿಯುವ ಹೊತ್ತಾಗಿರುತ್ತದೆ. ಪಕ್ಕದ ಅಜ್ಜಿ ಚೀಲದಿಂದ ಡಬ್ಬಿ ತೆಗೆದರು. ಮುಚ್ಚಳಕ್ಕೆ ಸುತ್ತಿದ ರಬ್ಬರ್ ಬ್ಯಾಂಡ್ ಬಿಚ್ಚಿ ಕೈಬಳೆಯ ಹಾಗೆ ಮಣಿಕಟ್ಟಿಗೆ ಹಾಕಿಕೊಂಡು, ನನಗೊಂದು ಚಕ್ಕುಲಿ ಕೊಟ್ಟರು. ಅದು ಮುಗಿಯುವ ಮೊದಲೇ ಬೆಲ್ಟ್ ಹಾಕಿ ಎಂಬ ಘೋಷಣೆ ಬಂತು. ಕೆಳಗೆ ಘಟ್ಟದ ಹಸಿರು, ಆಮೇಲೆ ಅಡಿಕೆ ತೋಟ, ಹೆಂಚಿನ ಮಾಡು, ಕೆಂಪು ಮಣ್ಣು. ಮಂಗಳೂರು ವಿಮಾನ ನಿಲ್ದಾಣ ಇರುವ ಬಜಪೆಯ ರನ್‌ವೇ ಗುಡ್ಡದ ನೆತ್ತಿಯ ಮೇಲಿದೆ. ಚಕ್ರ ನೆಲಕ್ಕೆ ತಾಗುವ ತನಕ ಅಜ್ಜಿ ಕಣ್ಣು ಮುಚ್ಚಿಕೊಂಡೇ ಇದ್ದರು. ನಾನೂ, ಸ್ವಲ್ಪ.

ಆದರೆ ನಮ್ಮೂರು ಮಂಗಳೂರಲ್ಲ, ಪುತ್ತೂರು! ಬೆಂಗಳೂರಿನಿಂದ ಶಿರಾಡಿ ಘಾಟಿ ಇಳಿದು ಬರುವ ಬಸ್ಸಿಗೆ ಮೊದಲು ಸಿಗುವುದೇ ನಮ್ಮೂರ ಕಡೆ. ವಿಮಾನ ನನ್ನನ್ನು ಊರು ದಾಟಿಸಿ ಮುಂದೆ ಒಯ್ದು ಬಿಟ್ಟಿತ್ತು. ಇನ್ನು ಕೈಕಂಬ, ಬಿ.ಸಿ. ರೋಡು, ಮಾಣಿ ಎಂದು ಐವತ್ತು ಚಿಲ್ಲರೆ ಕಿಲೋಮೀಟರ್ ವಾಪಸ್. ದಾರಿಯಲ್ಲಿ ಕಲ್ಲಡ್ಕ ಸಿಕ್ಕಮೇಲೆ ಕೆ.ಟಿ., ಅಂದರೆ ಕಲ್ಲಡ್ಕ ಟೀ, ಕುಡಿಯದೆ ಮುಂದೆ ಹೋಗುವುದುಂಟಾ? ಕೆಳಗೆ ಹಾಲು, ಮೇಲೆ ಡಿಕಾಕ್ಷನ್, ಗ್ಲಾಸಿನಲ್ಲಿ ಎರಡೂ ಬೇರೆ ಬೇರೆ. ಕದಡದೆ ಎರಡು ನಿಮಿಷ ಸುಮ್ನೆ ನೋಡುತ್ತಾ ಕೂತೆ.

ಮನೆ ಮುಟ್ಟಿದಾಗ 12.50. ಮಳೆಗಾಲದಲ್ಲಿ ಗುಡ್ಡ ಜರಿದು ಶಿರಾಡಿ ಬಂದ್ ಆದಾಗ ವಿಮಾನವೇ ಗತಿ, ಅದನ್ನು ಒಪ್ಪುತ್ತೇನೆ. ಆದರೆ ಉಳಿದ ದಿನಗಳಲ್ಲಿ ರಾತ್ರಿ ಹತ್ತರ ಬಸ್ಸು ಬೆಳಗ್ಗೆ ಐದಕ್ಕೆಲ್ಲ ಪುತ್ತೂರಿನಲ್ಲಿರುತ್ತದೆ, ಅದೂ ಮಲಗಿಸಿಕೊಂಡು.

ಅಮ್ಮ ಬಾಗಿಲಲ್ಲೇ ನಿಂತಿದ್ದರು. "ವಿಮಾನದಲ್ಲಿ ಬಂದವ ಊಟಕ್ಕೆ ಬಂದಿಯಲ್ಲ! ಬಸ್ಸಲ್ಲಿ ಬಂದಿದ್ರೆ ಬಿಸಿ ನೀರುದೋಸೆಗೇ ಸಿಗ್ತಿದ್ದಿ."