ಬಿಸ್ಕೆಟ್‌ಗೂ ಹಲಾಲ್ ಮುದ್ರೆ ಯಾಕೆ?

ಮಲ್ಲೇಶ್ವರಂ ಅಂಗಡಿಯಲ್ಲಿ ಒಬ್ಬ ಹಿರಿಯರು ಪೊಟ್ಟಣ ತಿರುಗಿಸಿ ನೋಡಿ, "ಬಿಸ್ಕೆಟ್‌ನಲ್ಲಿ ಏನಪ್ಪಾ ಕೊಯ್ತಾರೆ, ಹಲಾಲ್ ಅಂತ ಹಾಕೋಕೆ?" ಅಂದ್ರು. ನ್ಯಾಯವಾದ ಪ್ರಶ್ನೆ.

ಹಲಾಲ್ ಅಂದ್ರೆ ಇಸ್ಲಾಂ ಪ್ರಕಾರ ತಿನ್ನಬಹುದಾದದ್ದು. ಮಾಂಸದಲ್ಲಿ ಕೊಯ್ಯೋ ಕ್ರಮ ಮುಖ್ಯ. ಮಿಕ್ಕಿದ್ದರಲ್ಲಿ ನೋಡೋದು ಒಳಗಿರೋ ಪದಾರ್ಥ ಎಲ್ಲಿಂದ ಬಂತು ಅಂತ. ಜೆಲಾಟಿನ್ (ಪ್ರಾಣಿಯ ಮೂಳೆ, ಚರ್ಮದಿಂದ ತೆಗೆಯೋ ಅಂಟು) ಯಾವ ಪ್ರಾಣಿಯದ್ದು? ಫ್ಲೇವರ್ ಕರಗಿಸೋಕೆ ಆಲ್ಕೋಹಾಲ್ ಬಳಸಿದ್ದಾರಾ? ಇ471 ಅನ್ನೋ ಎಮಲ್ಸಿಫೈಯರ್, ಅಂದ್ರೆ ಎಣ್ಣೆ-ನೀರು ಬೆರೆಯೋ ಹಾಗೆ ಮಾಡೋ ಪದಾರ್ಥ, ಸಸ್ಯದ ಎಣ್ಣೆಯಿಂದಲೂ ಆಗುತ್ತೆ, ಪ್ರಾಣಿ ಕೊಬ್ಬಿನಿಂದಲೂ ಆಗುತ್ತೆ. (ಇದು ಈರುಳ್ಳೀನೂ ಮುಟ್ಟದ ನಮ್ಮ ದೊಡ್ಡಮ್ಮನಿಗೂ ಬೇಕಾದ ಮಾಹಿತಿ!) ಕಂಪನಿ ಪದಾರ್ಥಗಳ ಪಟ್ಟಿ, ಪೂರೈಕೆದಾರರ ದಾಖಲೆ ಕೊಡಬೇಕು. ಆಡಿಟರ್ ಫ್ಯಾಕ್ಟರಿಗೆ ಬಂದು ಯಂತ್ರ ತೊಳೆಯೋದು, ಗೋದಾಮಿನಲ್ಲಿ ಬೇರೆಬೇರೆ ಇಡೋದು ಎಲ್ಲಾ ನೋಡ್ತಾರೆ. ಎಲ್ಲಾ ಸರಿ ಇದ್ರೆ ಕೊಡೋ ಪ್ರಮಾಣಪತ್ರಕ್ಕೆ ಅವಧಿ ಇರುತ್ತೆ. ಮುಗಿದ್ರೆ ಮತ್ತೆ ತಪಾಸಣೆ, ಮತ್ತೆ ಶುಲ್ಕ.

ನಮ್ಮಲ್ಲಿ ಈ ಮುದ್ರೆ ಕೊಡೋದು ಹೆಚ್ಚಾಗಿ ಖಾಸಗಿ ಸಂಸ್ಥೆಗಳು. ಸಸ್ಯಾಹಾರದ ಹಸಿರು ಗುರುತಿನ ಹಾಗೆ ಕಾನೂನಿನ ಕಡ್ಡಾಯ ಅಲ್ಲ. ಮಲೇಷ್ಯಾದಲ್ಲಿ ಜಾಕಿಮ್ ಅನ್ನೋ ಸರ್ಕಾರಿ ಇಲಾಖೆಯೇ ಕೊಡುತ್ತೆ. ಇಂಡೋನೇಷ್ಯಾ 2014ರಲ್ಲೇ ಇದಕ್ಕೆ ಕಾನೂನು ಮಾಡಿತು.

2022ರ ಹೊಸತೊಡಕಿನ ಹೊತ್ತಿಗೆ ಹಲಾಲ್ ಮಾಂಸ ಕೊಳ್ಳಬೇಡಿ ಅಂತ ಇಲ್ಲಿ ಎದ್ದ ಗಲಾಟೆ ನೆನಪಿರಬಹುದು. ಶುಲ್ಕದ ಲೆಕ್ಕ ಎಲ್ಲರಿಗೂ ಕಾಣೋ ಹಾಗಿರಲಿ ಅನ್ನೋದು ನನಗೂ ಸರಿಯೇ. ಮುದ್ರೆ ನೋಡಿದ ಕೂಡಲೇ ಬೆಚ್ಚಿಬೀಳೋದು ಮಾತ್ರ ಅರ್ಥ ಆಗಲ್ಲ. ಉತ್ತರ ಪ್ರದೇಶ 2023ರ ನವೆಂಬರ್‌ನಲ್ಲಿ ಹಲಾಲ್ ಮುದ್ರೆಯ ಸರಕಿನ ಮಾರಾಟ ನಿಷೇಧಿಸಿದಾಗಲೂ ರಫ್ತಿನ ಸರಕಿಗೆ ವಿನಾಯಿತಿ ಕೊಟ್ಟಿತ್ತು.