ಸೀತ್‌ವೇಟ್‌ಗೆ ಒಯ್ದ ಮಲೆನಾಡಿನ ಕೊಡೆ

ಮಲೆನಾಡಿನಲ್ಲಿ ಹುಟ್ಟಿ ಬೆಳೆದವರಿಗೆ ಮಳೆಯ ವಿಷಯದಲ್ಲಿ ಒಂದು ಬಗೆಯ ಜಂಬವಿರುತ್ತದೆ. ಇಂಗ್ಲೆಂಡಿನ ವಾಯವ್ಯ ಮೂಲೆಯ ಲೇಕ್ ಡಿಸ್ಟ್ರಿಕ್ಟ್‌ಗೆ ಏಪ್ರಿಲ್ ಕೊನೆಯ ವಾರ ಹೊರಟಾಗ, ಅಲ್ಲಿನ ಸೀತ್‌ವೇಟ್ ಎಂಬ ಪುಟ್ಟ ಹಳ್ಳಿ ಆ ನಾಡಿನ ಜನವಸತಿಯ ಊರುಗಳಲ್ಲೆಲ್ಲ ಅತಿ ಹೆಚ್ಚು ಮಳೆ ಕಾಣುವಂಥದ್ದೆಂದೂ, ವರ್ಷಕ್ಕೆ ಅಲ್ಲಿ ಸುಮಾರು 3,500 ಮಿಲಿಮೀಟರ್ ಸುರಿಯುತ್ತದೆಂದೂ ಓದಿ ನಾನು ಒಳಗೊಳಗೇ ನಕ್ಕಿದ್ದೆ. ಆಗುಂಬೆಯ ಲೆಕ್ಕ ಅದರ ಎರಡು ಪಟ್ಟನ್ನೂ ಮೀರುತ್ತದೆ. ಅದೇ ಜಂಬದಲ್ಲಿ, ಊರಿನಿಂದ ತಂದಿದ್ದ ಉದ್ದ ಕಾವಿನ ಕರಿ ಕೊಡೆಯನ್ನು ಹಿಡಿದು ಕೆಸ್ವಿಕ್ ಪಟ್ಟಣದಲ್ಲಿ 78ನೇ ನಂಬರಿನ ಬಸ್ಸು ಹತ್ತಿದೆ.

ಬಸ್ಸು ಡರ್ವೆಂಟ್‌ವಾಟರ್ ಸರೋವರದ ದಡವನ್ನು ಹಿಡಿದು ಬೊರೋಡೇಲ್ ಕಣಿವೆಯೊಳಗೆ ಸಾಗುತ್ತದೆ. ಹೊರಟಾಗ ಎಳೆಬಿಸಿಲಿತ್ತು, ನೀರು ನೀಲಿಯಾಗಿತ್ತು; ನಾಲ್ಕು ತಿರುವು ಕಳೆಯುವಷ್ಟರಲ್ಲಿ ಅದೇ ನೀರು ಸೀಸದ ಬಣ್ಣಕ್ಕೆ ತಿರುಗಿ, ಎದುರಿನ ಗುಡ್ಡಗಳು ಮಂಜಿನಲ್ಲಿ ಅಳಿಸಿಹೋದವು. ಸೀಟಾಲರ್‌ನಲ್ಲಿ ಇಳಿದು ಸೀತ್‌ವೇಟ್‌ನ ಕಡೆಗೆ ನಡೆಯತೊಡಗಿದಾಗ ಮತ್ತೆ ಬಿಸಿಲು ಬಿದ್ದಿದ್ದರಿಂದ ನಾನು ಕೋಟು ತೆಗೆದು ಕೈಗೆ ಹಾಕಿಕೊಂಡೆ. ಐದು ನಿಮಿಷವೂ ಆಗಿರಲಿಲ್ಲ, ಕಣಿವೆಯ ತಲೆಯ ಕಡೆಯಿಂದ ಗಾಳಿ ನುಗ್ಗಿ, ಜೀರಿಗೆ ಮಿಠಾಯಿಯಷ್ಟು ಸಣ್ಣ ಆಲಿಕಲ್ಲುಗಳನ್ನು ಅಡ್ಡಡ್ಡ ಎರಚಿತು. ಕೊಡೆ ಬಿಚ್ಚಿದ ಕ್ಷಣದಲ್ಲೇ ಬೋರಲಾಗಿ ಎರಡು ಕಡ್ಡಿ ಮುರಿದವು. ಜೋಗದ ಎದುರು, ಆಷಾಢದ ಗಾಳಿಯಲ್ಲಿ ನಿಂತು ಬಂದಿದ್ದ ಕೊಡೆ ಅದು.

ರಕ್ಷಣೆಗೆಂದು ನಾನು ಓಡಿ ನಿಂತದ್ದು ಒಂದು ಕಲ್ಲಿನ ಪಾಗಾರದ ಮರೆಯಲ್ಲಿ. ಹೊಲಗಳನ್ನೆಲ್ಲ ಚೌಕಚೌಕವಾಗಿ ಕತ್ತರಿಸಿ, ಮನುಷ್ಯ ಹತ್ತಲು ಏದುಸಿರು ಬಿಡುವಂಥ ಇಳಿಜಾರಿನಲ್ಲೂ ನೇರವಾಗಿ ಏರಿಹೋಗುವ ಈ ಪಾಗಾರಗಳಿಗೆ ಗಾರೆಯಿಲ್ಲ, ಸಿಮೆಂಟಿಲ್ಲ. ಎರಡು ಬದಿಗೆ ಎರಡು ಸಾಲು ಕಲ್ಲು ಪೇರಿಸಿ, ನಡುವೆ ಚೂರುಗಲ್ಲು ತುಂಬಿ, ಅಲ್ಲಲ್ಲಿ ಎರಡೂ ಸಾಲುಗಳನ್ನು ಹಿಡಿದಿಡುವ ಉದ್ದನೆಯ ಅಡ್ಡಗಲ್ಲು ಕೂರಿಸಿ ಕಟ್ಟುತ್ತಾರೆ. ಸ್ವಲ್ಪ ದೂರದಲ್ಲಿ ಹಿರಿಯ ರೈತರೊಬ್ಬರು ಕುಸಿದ ಭಾಗವನ್ನು ಸರಿಪಡಿಸುತ್ತ ಕೂತಿದ್ದರು. ಆಲಿಕಲ್ಲು ಬೀಳುತ್ತಿರುವುದನ್ನು ಅವರು ಗಮನಿಸಿದಂತೆಯೇ ಕಾಣಲಿಲ್ಲ. ಮಳೆ ಯಾವಾಗ ನಿಲ್ಲಬಹುದೆಂದು ನಾನು ಕೇಳಿದ್ದಕ್ಕೆ, ಇದನ್ನು ಮಳೆಯೆಂದು ಕರೆಯಬಹುದೇ ಎಂದು ಯೋಚಿಸುವವರಂತೆ ಆಕಾಶ ನೋಡಿ, ಇದು ಬರಿಯ ತುಂತುರು, ಹಾದು ಹೋಗುತ್ತದೆ ಎಂದರು.

ಪಾಗಾರದಾಚೆ ಹರ್ಡ್‌ವಿಕ್ ಕುರಿಗಳಿದ್ದವು. ಈ ತಳಿಯ ಮರಿ ಹುಟ್ಟುವಾಗ ಅಪ್ಪಟ ಕಪ್ಪು. ವರ್ಷಗಳು ಕಳೆದಂತೆ ಮೈ ಬೂದು ಬಣ್ಣಕ್ಕೆ ತಿರುಗಿ ಮುಖ ಬಿಳಿಯಾಗುತ್ತದೆ. ಮರಿ ಹಾಕುವ ಕಾಲವಾದ್ದರಿಂದ ಬೂದು ತಾಯಂದಿರ ಹಿಂದೆ ಕರಿ ಮರಿಗಳ ಓಟ ಎಲ್ಲೆಡೆ ಕಾಣುತ್ತಿತ್ತು. ಮೇಲಿನ ಗುಡ್ಡಗಳಲ್ಲಿ ಬೇಲಿಯೇ ಇಲ್ಲದಿದ್ದರೂ ಪ್ರತಿ ಹಿಂಡು ತನ್ನ ಪಾಲಿನ ಮೇವಿನ ಜಾಗವನ್ನು ಬಿಟ್ಟು ಹೋಗುವುದಿಲ್ಲವೆಂದೂ, ಆ ಎಲ್ಲೆಯ ಅರಿವನ್ನು ಮರಿಗಳು ತಾಯಿಯ ಜೊತೆ ತಿರುಗಿಯೇ ಕಲಿಯುತ್ತವೆಂದೂ ಆ ಹಿರಿಯರು ಹೇಳಿದರು. ಅವುಗಳ ಉಣ್ಣೆ ಮೃದುವಲ್ಲ, ಮುಟ್ಟಿದರೆ ಚುಚ್ಚುತ್ತದೆ. ನಮ್ಮ ಕುರುಬರು ದಖ್ಖನಿ ಕುರಿಯ ಒರಟು ಉಣ್ಣೆಯಿಂದ ನೇಯುವ ಕಂಬಳಿ ನೆನಪಾಯಿತು. ಅದನ್ನು ಕೊಪ್ಪೆ ಹಾಕಿಕೊಂಡು ಗದ್ದೆಗಿಳಿಯುತ್ತಿದ್ದ ನಮ್ಮ ಅಜ್ಜ ಇಲ್ಲಿದ್ದಿದ್ದರೆ ಕೊಡೆ ತಂದ ಮೊಮ್ಮಗನನ್ನು ಕಂಡು ನಗುತ್ತಿದ್ದರು.

ಹಳ್ಳಿಯೆಂದರೆ ಕೆಲವೇ ಕಲ್ಲಿನ ಮನೆಗಳು, ಒಂದು ಕುರಿಸಾಕಣೆಯ ಅಂಗಳ. ಪಕ್ಕದ ಬಂಡೆಯ ಮೇಲಿಂದ ಬಿಳಿ ನೊರೆಯಾಗಿ ಇಳಿಯುವ ತೊರೆಗೆ ಇಲ್ಲಿಯವರಿಟ್ಟ ಹೆಸರಿನ ಅರ್ಥ ‘ಹುಳಿ ಹಾಲು’. ನಾವಾದರೆ ಹಾಲೆಂದಷ್ಟೇ ಹೇಳಿ ಬಿಡುತ್ತಿದ್ದೆವು. ಅದೇ ಗುಡ್ಡದ ಮೈಯಲ್ಲಿ 16ನೇ ಶತಮಾನದಲ್ಲಿ ಶುದ್ಧ ಗ್ರಾಫೈಟ್ ಸಿಕ್ಕಿ, ಮುಂದೆ ಕೆಸ್ವಿಕ್‌ನಲ್ಲಿ ಪೆನ್ಸಿಲ್ ಉದ್ಯಮ ಬೆಳೆಯಿತು.

ಅಲ್ಲಿ ನಿಂತ ಒಂದು ಗಂಟೆಯಲ್ಲಿ ಬಿಸಿಲು ಮೂರು ಬಾರಿ ಬಂದು ಹೋಯಿತು. ಅಟ್ಲಾಂಟಿಕ್‌ನಿಂದ ನೀರು ಹೊತ್ತು ಬರುವ ಗಾಳಿ, 978 ಮೀಟರಿನ ಸ್ಕಾಫೆಲ್ ಪೈಕ್ ಇರುವ ಗುಡ್ಡಸಾಲಿಗೆ ತಾಗಿ ಮೇಲೇರಿ ತಣಿದು ಮಳೆಯಾಗುತ್ತದೆ. ಅರಬ್ಬೀ ಸಮುದ್ರದ ಗಾಳಿ ಸಹ್ಯಾದ್ರಿಯಲ್ಲಿ ಮಾಡುವ ಕೆಲಸವೂ ಇದೇ. ಆದರೆ ನಮ್ಮಲ್ಲಿ ಮಳೆಗೊಂದು ಕಾಲವಿದೆ, ನಕ್ಷತ್ರಗಳ ಹೆಸರಿನ ಲೆಕ್ಕವಿದೆ, ಸೌದೆ ಒಟ್ಟಿ ಹಪ್ಪಳ ಒಣಗಿಸಿಟ್ಟು ಅದಕ್ಕಾಗಿ ಕಾಯುತ್ತೇವೆ. ಇಲ್ಲಿ ಹನ್ನೆರಡು ತಿಂಗಳೂ ಮಳೆಯವೇ. ಕಾಯುವುದಕ್ಕೂ ಬೇಸರಪಡುವುದಕ್ಕೂ ಎಡೆಯಿಲ್ಲ. ಹಾಗೆಂದು ಅದು ಸದಾ ಸಾಧುವೂ ಅಲ್ಲ: 2015ರ ಡಿಸೆಂಬರ್ 5ರಂದು ಕೊನೆಗೊಂಡ 24 ಗಂಟೆಗಳಲ್ಲಿ ಸೀಟಾಲರ್‌ನ ಮೇಲಿನ ಹಾನಿಸ್ಟರ್ ಕಣಿವೆದಾರಿಯಲ್ಲಿ 341.4 ಮಿಲಿಮೀಟರ್ ಸುರಿದು ಬ್ರಿಟನ್ನಿನ ದಾಖಲೆಯಾಯಿತು. ಇದನ್ನು ಓದಿದ ಮೇಲೆ ಆಗುಂಬೆಯ ಅಂಕಿಯನ್ನು ನಾನು ಯಾರಿಗೂ ಹೇಳಲಿಲ್ಲ.

ಸಂಜೆ ತೊಯ್ದ ಬೂಟಿನಲ್ಲಿ, ಮುರಿದ ಕೊಡೆಯೊಂದಿಗೆ ಕೆಸ್ವಿಕ್‌ಗೆ ಮರಳಿದೆ. ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ ಅಷ್ಟೇ. ಆದರೂ ಗುಡ್ಡಗಳ ಮರೆಯಲ್ಲಿರುವ ಆ ಪಟ್ಟಣಕ್ಕೆ ಸೀತ್‌ವೇಟ್‌ನ ಅರ್ಧದಷ್ಟೂ ಮಳೆಯಿಲ್ಲ. ತಂಗಿದ್ದ ಮನೆಯ ಒಡತಿ ಹಿತ್ತಿಲಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಸರೋವರಕ್ಕೇನಾದರೂ ಬಿದ್ದಿರಾ ಎಂದು ಕೇಳಿದರು.